ಬೋರ್‌ವೆಲ್‌ನಲ್ಲಿ ಮೂಳೆ ಏಕೆ ಸಿಗುವುದಿಲ್ಲ?



ಕೆಲವು ವಾರಗಳ ಹಿಂದೆ ಜುಮಾ ಬಯಾನ್‌ನಲ್ಲಿ ಸೂರಃ ಅಲ್ ಅಂಕಬೂತ್‌ನ 20ನೇ ಆಯತ್‌ನ ವಿಷಯ ಬಂದಿತ್ತು. ಸೃಷ್ಟಿಯ ಆರಂಭವನ್ನು ತಿಳಿಯಲು ಭೂಮಿಯ ಮೇಲೆ ತಿರುಗಾಡಿ ಕಣ್ಣಾರೆ ನೋಡುವಂತೆ ಅಲ್ಲಿ ಮನುಷ್ಯನಿಗೆ ಹೇಳಲಾಗಿದೆ. ನಮಾಜ್ ಮುಗಿದ ಮೇಲೆ ಇಬ್ಬರು ಹುಡುಗರು ಬಂದರು. ಒಬ್ಬ ಪಿಯುಸಿ ಓದುವವನು, ಇನ್ನೊಬ್ಬ ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುವವನು. ಮೊದಲನೆಯವನು ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಅಗೆದ ಗುಂಡಿಯಲ್ಲಿ ಮನೆಯಷ್ಟು ದೊಡ್ಡ ಮನುಷ್ಯನ ಅಸ್ಥಿಪಂಜರ, ಪಕ್ಕದಲ್ಲಿ ಇರುವೆಯಂತೆ ಕಾಣುವ ಕೆಲಸಗಾರ. ಸೌದಿಯ ಮರುಭೂಮಿಯಲ್ಲಿ ಆದ್ ಜನಾಂಗದ ಮೂಳೆ ಸಿಕ್ಕಿದೆ, ಎಲ್ಲರಿಗೂ ಕಳಿಸಿ ಎಂದು ಕೆಳಗೆ ಬರೆದಿತ್ತು. ಎರಡನೆಯವನ ಪ್ರಶ್ನೆ ನನಗೆ ಹೆಚ್ಚು ಹಿಡಿಸಿತು. "ಹಜ್ರತ್, ನಾವು ಸಾವಿರದ ಇನ್ನೂರು ಅಡಿ ಕೊರೀತೀವಿ. ಇಲ್ಲೀವರೆಗೂ ಒಂದು ಮೂಳೆ ಚೂರು ಮೇಲೆ ಬಂದಿಲ್ಲ. ಡೈನೋಸಾರ್ ಅಂತಾರಲ್ಲ, ಅವು ನಮ್ಮ ಕಡೆ ಇರ್ಲೇ ಇಲ್ವಾ?"

ಮುಂದಿನ ಜುಮಾದಲ್ಲಿ ಇಬ್ಬರಿಗೂ ಉತ್ತರ ಹೇಳಿದೆ. ಬಯಾನ್‌ಗೆ ಸಿಗುವುದು ಇಪ್ಪತ್ತು ನಿಮಿಷ, ಎಲ್ಲವೂ ಅದರಲ್ಲಿ ಹಿಡಿಸಲಿಲ್ಲ. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಬಿಎಯಲ್ಲಿ ನಾನು ಓದಿದ್ದು ಇತಿಹಾಸ. ಆದರೆ ನಮ್ಮ ಜಿಲ್ಲೆಯ ಇತಿಹಾಸ ಗಂಗರು, ಚೋಳರು, ಟಿಪ್ಪು ಸುಲ್ತಾನರಿಂದ ಶುರುವಾಗುವುದಿಲ್ಲ, ಅದಕ್ಕೂ ಬಹಳ ಹಿಂದೆ ಕಲ್ಲಿನಿಂದ ಶುರುವಾಗುತ್ತದೆ.

ಮೊದಲು ಫೋಟೋದ ವಿಷಯ ಮುಗಿಸೋಣ. ಅದು ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ. 2002ರಲ್ಲಿ ಒಂದು ಅಂತರ್ಜಾಲ ತಾಣ ಸುಳ್ಳು ಪುರಾತತ್ವ ಚಿತ್ರಗಳ ಸ್ಪರ್ಧೆ ಇಟ್ಟಿತ್ತು. ಕೆನಡಾದ ಒಬ್ಬ ಕಲಾವಿದ ಅದಕ್ಕಾಗಿ ಇದನ್ನು ಜೋಡಿಸಿದ. ಗುಂಡಿಯ ಚಿತ್ರ ಅಸಲಿ: 2000ದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಮಾಸ್ಟೊಡಾನ್ ಎಂಬ ಅಳಿದುಹೋದ, ಆನೆಯ ದೂರದ ನೆಂಟನಾದ ಪ್ರಾಣಿಯ ಮೂಳೆ ಅಗೆಯುತ್ತಿದ್ದ ದೃಶ್ಯ ಅದು. ಅದರ ಮೇಲೆ ಮನುಷ್ಯನ ಅಸ್ಥಿಪಂಜರವನ್ನು ಕೂರಿಸಲಾಗಿದೆ. 2004ರ ಹೊತ್ತಿಗೆ ಅದು ಆದ್ ಜನಾಂಗದ ಮೂಳೆ ಎಂಬ ಹೆಸರಿನಲ್ಲಿ ಊರೂರು ಸುತ್ತತೊಡಗಿತ್ತು. ತಮಾಷೆ ಏನೆಂದರೆ ನಮ್ಮ ದೇಶದಲ್ಲೇ ಬೇರೆ ಸಮುದಾಯದವರ ನಡುವೆ ಅದೇ ಫೋಟೋ ಘಟೋತ್ಕಚನ ಅಸ್ಥಿ ಎಂದು ಹರಿದಾಡಿತು. ಒಂದೇ ಸುಳ್ಳು ಚಿತ್ರ ಇಬ್ಬರ ಮನೆಯಲ್ಲೂ ಊಟ ಮಾಡಿಕೊಂಡು ಬಂದಿದೆ.

ಆದ್ ಜನಾಂಗದ ವೃತ್ತಾಂತವನ್ನು ನಾವು ನಂಬುತ್ತೇವೆ. ಆ ನಂಬಿಕೆಗೆ ಸ್ಪರ್ಧೆಗೆಂದು ಮಾಡಿದ ಚಿತ್ರದ ಊರುಗೋಲು ಬೇಡ. ಇದನ್ನು ಸಣ್ಣ ವಿಷಯ ಎಂದು ಕೆಲವು ಹಿರಿಯರು ಹೇಳಿದರು, "ಒಳ್ಳೆ ಉದ್ದೇಶಕ್ಕೆ ತಾನೇ ಕಳಿಸೋದು" ಎಂದರು. ನನಗೆ ಹಾಗೆ ಅನಿಸುವುದಿಲ್ಲ. ಅಪ್ಪ ಕಳಿಸಿದ ಫೋಟೋ ಸುಳ್ಳು ಎಂದು ಮಗನಿಗೆ ಕಾಲೇಜಿನಲ್ಲಿ ಗೊತ್ತಾದ ದಿನ ಅವನು ಫೋಟೋ ಒಂದನ್ನೇ ಅಳಿಸುವುದಿಲ್ಲ. ಅದರ ಜೊತೆ ಅಪ್ಪ ಹೇಳಿದ್ದ ಬೇರೆ ಮಾತುಗಳ ಮೇಲೂ ಅವನಿಗೆ ಅನುಮಾನ ಹುಟ್ಟುತ್ತದೆ. ಅಂಥ ಹುಡುಗರು ನನ್ನ ಮುಂದೆ ಬಂದು ಕೂತಿದ್ದಾರೆ. ತಂದ ಸುದ್ದಿಯನ್ನು ಪರೀಕ್ಷಿಸದೆ ಒಪ್ಪಬಾರದೆಂದು ಸೂರಃ ಅಲ್ ಹುಜುರಾತ್ ಕಲಿಸುತ್ತದೆ, ಆ ಮಾತು ನಮಗೆ ಇಷ್ಟವಾದ ಸುದ್ದಿಗೂ ಅನ್ವಯಿಸುತ್ತದೆ.

ಈಗ ಬೋರ್‌ವೆಲ್ ಹುಡುಗನ ಪ್ರಶ್ನೆಗೆ ಬರೋಣ.

ಸತ್ತ ಪ್ರಾಣಿಯ ಮೂಳೆ ಸಾಮಾನ್ಯವಾಗಿ ಉಳಿಯುವುದಿಲ್ಲ. ನಾಯಿ ನರಿ ಕಚ್ಚುತ್ತವೆ, ಬಿಸಿಲು ಮಳೆಗೆ ಪುಡಿಯಾಗುತ್ತದೆ. ನದಿಯ ಮೆಕ್ಕಲು, ಕೆರೆಯ ಹೂಳು, ಕಡಲ ತಳದ ಕೆಸರು ಅದನ್ನು ಬೇಗ ಮುಚ್ಚಿಬಿಟ್ಟರೆ ಮಾತ್ರ ಉಳಿಯುವ ಅವಕಾಶ. ಕೆಸರಿನ ಮೇಲೆ ಕೆಸರು ಕೂತು ಗಟ್ಟಿಯಾಗಿ ಪದರಗಲ್ಲು ಆಗುತ್ತದೆ, ಮೂಳೆಯೊಳಗೆ ನೀರಿನ ಖನಿಜ ಸೇರಿ ಅದೂ ಕಲ್ಲಾಗುತ್ತದೆ. ಇದನ್ನೇ ಪಳೆಯುಳಿಕೆ ಎನ್ನುವುದು. ಹಾಗಾಗಿ ಪಳೆಯುಳಿಕೆ ಹುಡುಕುವವನು ಮೊದಲು ಪದರಗಲ್ಲು ಹುಡುಕುತ್ತಾನೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲಿ ಬೋರ್‌ವೆಲ್ ಕೊರೆಯುವಾಗ ಏನು ಬರುತ್ತದೆ? ಮೊದಲು ಕೆಂಪು ಮಣ್ಣು, ಆಮೇಲೆ ಗರಸು, ಕೇಸಿಂಗ್ ಇಳಿಸಿದ ಮೇಲೆ ಬೂದು ಬಿಳಿ ಕಲ್ಲಿನ ಪುಡಿ. ಕೊನೆಯವರೆಗೂ ಅದೇ. ಆ ಕಲ್ಲಿಗೆ ಭೂವಿಜ್ಞಾನಿಗಳು ನೈಸ್ ಎನ್ನುತ್ತಾರೆ. ನಮ್ಮ ಸೈಜುಗಲ್ಲು, ಚಪ್ಪಡಿ, ಜಲ್ಲಿ ಬಹುಪಾಲು ಅದರದ್ದೇ. ದಕ್ಷಿಣ ಭಾರತದ ದೊಡ್ಡ ಭಾಗಕ್ಕೆ ಅಡಿಪಾಯವಾಗಿರುವ ಈ ಶಿಲೆಗೆ ಪೆನಿನ್ಸುಲಾರ್ ನೈಸ್ ಎಂದು 1916ರಲ್ಲಿ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತ್. ಇದು ಕೆಸರು ಕೂತು ಆದ ಕಲ್ಲಲ್ಲ. ಭೂಮಿಯ ಒಳಗೆ ಹಲವು ಕಿಲೋಮೀಟರ್ ಆಳದಲ್ಲಿ ಕರಗಿ, ಹೆಪ್ಪುಗಟ್ಟಿ, ಮತ್ತೆ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಹಿಟ್ಟಿನಂತೆ ನಾದಿಸಿಕೊಂಡದ್ದು. ಕಪ್ಪು ಬಿಳಿ ಪಟ್ಟೆಗಳು ಆ ನಾದುವಿಕೆಯ ಗುರುತು. ಅಂಥ ಜಾಗದಲ್ಲಿ ಪ್ರಾಣಿ ಬದುಕಿ ಸತ್ತು ಹೂತುಹೋಗುವ ಮಾತೇ ಇಲ್ಲ.

ಎರಡನೆಯ ಕಾರಣ ವಯಸ್ಸು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆ ಇದೇ ಜಾತಿಯ ಕಲ್ಲು. ಅದನ್ನು 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಲಾಯಿತು. ವಯಸ್ಸು ಸುಮಾರು 300 ಕೋಟಿ ವರ್ಷ. ಈ ಶಿಲೆಯ ಬೇರೆ ಬೇರೆ ಭಾಗಗಳು ಸುಮಾರು 250 ಕೋಟಿಯಿಂದ 340 ಕೋಟಿ ವರ್ಷದವರೆಗೆ ಹರಡಿಕೊಂಡಿವೆ. ಭೂಮಿಗೇ 454 ಕೋಟಿ ವರ್ಷ ಎಂದರೆ ಇದು ಎಷ್ಟು ಹಳೆಯದೆಂದು ಲೆಕ್ಕ ಹಾಕಿ.

ಕೋಟಿಯ ಲೆಕ್ಕ ತಲೆಗೆ ಹತ್ತುವುದಿಲ್ಲ. ಆದ್ದರಿಂದ ನಾವು ದಿನವೂ ಓಡಾಡುವ ದಾರಿಯಲ್ಲಿ ಅಳೆಯೋಣ. ದೇವನಹಳ್ಳಿಯಿಂದ ಹೆಬ್ಬಾಳದ ಫ್ಲೈಓವರ್‌ಗೆ ಹತ್ತಿರ ಹತ್ತಿರ 30 ಕಿ.ಮೀ. ಆ ದೂರವನ್ನು 300 ಕೋಟಿ ವರ್ಷ ಅಂದುಕೊಳ್ಳಿ. ಒಂದು ಕಿಲೋಮೀಟರ್ ನಡೆದರೆ 10 ಕೋಟಿ ವರ್ಷ, ಒಂದು ಮೀಟರ್‌ಗೆ 1 ಲಕ್ಷ ವರ್ಷ. ದೇವನಹಳ್ಳಿಯಲ್ಲಿ ನಮ್ಮ ಕಲ್ಲು ಹುಟ್ಟಿತು. ಭೂಮಿ ಹುಟ್ಟಿದ್ದು ಇನ್ನೂ 15 ಕಿ.ಮೀ. ಹಿಂದೆ, ಚಿಕ್ಕಬಳ್ಳಾಪುರದ ದಾರಿಯಲ್ಲಿ. ವಿಮಾನ ನಿಲ್ದಾಣದ ತಿರುವು ದಾಟಿದರೂ ಕಣ್ಣಿಗೆ ಕಾಣುವಂಥ ಪ್ರಾಣಿ ಇಲ್ಲ. ಗಟ್ಟಿ ಚಿಪ್ಪಿರುವ ಪ್ರಾಣಿಗಳು ಸಮುದ್ರದಲ್ಲಿ ಹೆಚ್ಚಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷದ ಹಿಂದೆ, ಅಂದರೆ ಯಲಹಂಕ ದಾಟಿದ ಮೇಲೆ, ಹೆಬ್ಬಾಳ ಐದು ಚಿಲ್ಲರೆ ಕಿಲೋಮೀಟರ್ ಇರುವಾಗ. ದೊಡ್ಡ ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಅದು ಫ್ಲೈಓವರ್‌ಗೆ 660 ಮೀಟರ್ ಮುಂಚೆ. ನಮ್ಮ ಹಿಜರಿ ಸಂವತ್ಸರದ ಎಲ್ಲ ವರ್ಷಗಳನ್ನೂ ಸೇರಿಸಿದರೆ ಒಂದೂವರೆ ಸೆಂಟಿಮೀಟರ್ ಕೂಡ ಆಗುವುದಿಲ್ಲ.

ಆದ್ದರಿಂದ ಬೋರ್‌ವೆಲ್ ಎಷ್ಟು ಆಳ ಹೋದರೂ ಮೂಳೆ ಸಿಗದು. ಆ ಕಲ್ಲು ಆದಾಗ ಮೂಳೆ ಎಂಬುದೇ ಇರಲಿಲ್ಲ. ಹಾಗಾದರೆ ಡೈನೋಸಾರ್ ಈ ನೆಲದ ಮೇಲೆ ನಡೆದಿಲ್ಲವೇ? ನಡೆದಿರಬಹುದು. ಆದರೆ ಇದು ಎತ್ತರದ ನೆಲ, ಕೋಟ್ಯಂತರ ವರ್ಷಗಳಿಂದ ಮಳೆ ಗಾಳಿಗೆ ಸವೆಯುತ್ತಲೇ ಬಂದಿದೆ. ಆಳದಲ್ಲಿ ಹುಟ್ಟಿದ ಕಲ್ಲು ಇಂದು ಮೇಲೆ ಕಾಣುತ್ತಿರುವುದೇ ಅದರ ಮೇಲಿದ್ದ ಕಿಲೋಮೀಟರ್‌ಗಟ್ಟಲೆ ಕಲ್ಲು ಸವೆದು ಹೋಗಿರುವುದಕ್ಕೆ ಪುರಾವೆ. ಮೂಳೆಯನ್ನು ಮುಚ್ಚಿಡುವ ಕೆಸರು ಇಲ್ಲಿ ನಿಲ್ಲಲಿಲ್ಲ.

"ಇಷ್ಟು ವರ್ಷ ಅಂತ ಯಾರು ನೋಡಿ ಬಂದವರು?" ಎಂದು ಮಸೀದಿಯಲ್ಲಿ ಒಬ್ಬ ಚಾಚಾ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರದ ಅರ್ಧ ಭಾಗಕ್ಕೆ ಯಂತ್ರವೇ ಬೇಡ. ಕ್ವಾರಿಯಲ್ಲಿ ದುಡಿದವರು ಬಿಳಿ ಬಂಡೆಯ ನಡುವೆ ಗೋಡೆಯಂತೆ ಉದ್ದಕ್ಕೆ ಹಾದುಹೋಗುವ ಕರಿಕಲ್ಲನ್ನು ನೋಡಿರುತ್ತಾರೆ. ಬಿಳಿ ಬಂಡೆ ಬಿರಿದಾಗ ಕೆಳಗಿನಿಂದ ಕರಗಿದ ಕಲ್ಲು ನುಗ್ಗಿ ಬಿರುಕಿನಲ್ಲಿ ಹೆಪ್ಪುಗಟ್ಟಿದ್ದು ಅದು. ಬಿರುಕು ಬಿಡಬೇಕಾದರೆ ಬಂಡೆ ಮೊದಲೇ ಇರಬೇಕು. ಆದ್ದರಿಂದ ಕರಿಕಲ್ಲು ಚಿಕ್ಕದು, ಬಂಡೆ ದೊಡ್ಡದು. ಗೋಡೆ ಕಟ್ಟಿದ ಮೇಲೆಯೇ ಅದನ್ನು ಕೊರೆದು ವೈರ್ ಎಳೆಯುವುದು, ಇದೂ ಹಾಗೆಯೇ. ಬೆಂಗಳೂರು ಸುತ್ತಿನ ಇಂಥ ಕರಿಕಲ್ಲಿನ ಪಟ್ಟಿಗಳಲ್ಲಿ ಹಲವಕ್ಕೆ ಸುಮಾರು 237 ಕೋಟಿ ವರ್ಷ ಎಂದು ಅಳೆದಿದ್ದಾರೆ. ನೆಲಮಂಗಲ ತಾಲೂಕಿನ ಶಿವಗಂಗೆಯಿಂದ ರಾಮನಗರದವರೆಗೂ ಕಾಣುವ ಗುಲಾಬಿ ಬೂದು ಗ್ರಾನೈಟ್ ಬೆಟ್ಟಗಳ ಸಾಲು ಸುಮಾರು 250 ಕೋಟಿ ವರ್ಷದ್ದು. ಅದರ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್, ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಇದ್ದ ಹೆಸರಿನಿಂದ ಬಂದದ್ದು. ಅದೂ ಹಳೆಯ ನೈಸ್ ಶಿಲೆಯೊಳಗೆ ನುಗ್ಗಿದ ಕಲ್ಲು. ಯಾರು ಮೊದಲು ಯಾರು ಆಮೇಲೆ ಎಂದು ಕಣ್ಣೇ ಹೇಳುತ್ತದೆ, ಎಷ್ಟು ವರ್ಷ ಎಂದು ಮಾತ್ರ ಹೇಳಲಾರದು.

ವರ್ಷ ಹೇಳುವುದು ಜಿರ್ಕಾನ್ ಎಂಬ ಹರಳು. ಈ ಕಲ್ಲುಗಳೊಳಗೆ ರವೆಗಿಂತ ಸಣ್ಣ ಜಿರ್ಕಾನ್ ಕಣಗಳಿರುತ್ತವೆ. ಹರಳು ಬೆಳೆಯುವಾಗ ಒಂದಿಷ್ಟು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಇಡುತ್ತದೆ. ಒಳಗೆ ಸೇರಿದ ಯುರೇನಿಯಂ ತಾನಾಗಿ ನಿಗದಿತ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಬಿಸಿಗೂ ಚಳಿಗೂ ಆ ವೇಗ ಬದಲಾಗುವುದಿಲ್ಲ. ಇಂದು ಎಷ್ಟು ಯುರೇನಿಯಂ ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ಅಳೆದರೆ ಎಷ್ಟು ಕಾಲ ಕಳೆಯಿತೆಂದು ತಿಳಿಯುತ್ತದೆ. ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿ ಇನ್ನೊಂದಿದೆ. ಯುರೇನಿಯಂ ಎರಡು ಬಗೆ. ಒಂದು 447 ಕೋಟಿ ವರ್ಷಕ್ಕೆ ಅರ್ಧವಾಗುತ್ತದೆ, ಇನ್ನೊಂದು ಸುಮಾರು 70 ಕೋಟಿ ವರ್ಷಕ್ಕೇ ಅರ್ಧವಾಗುತ್ತದೆ. ಎರಡೂ ಬೇರೆ ಬೇರೆ ಬಗೆಯ ಸೀಸವಾಗುತ್ತವೆ. ಅಂದರೆ ಒಂದೇ ಕಣದೊಳಗೆ ಎರಡು ಗಡಿಯಾರ. ಒಂದರ ಮಾತನ್ನು ಇನ್ನೊಂದು ಒಪ್ಪಬೇಕು. ನಡುವೆ ಸೀಸ ಸೋರಿಹೋಗಿದ್ದರೆ ಎರಡರ ಲೆಕ್ಕ ತಾಳೆಯಾಗುವುದಿಲ್ಲ, ಕಳ್ಳತನ ಸಿಕ್ಕಿಬೀಳುತ್ತದೆ. ಎರಡು ಸಾಕ್ಷಿ ಬೇಕೆನ್ನುವ ಫಿಕ್ಹ್ ಓದಿದ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಭೂಮಿಯ ವಯಸ್ಸನ್ನೂ ಯುರೇನಿಯಂ ಸೀಸವಾಗುವ ಲೆಕ್ಕದಿಂದಲೇ ಹಿಡಿದರು. 1956ರಲ್ಲಿ ಪ್ಯಾಟರ್ಸನ್ ಎಂಬ ಅಮೆರಿಕನ್ ವಿಜ್ಞಾನಿ ಆಕಾಶದಿಂದ ಬಿದ್ದ ಉಲ್ಕಾಶಿಲೆಗಳ ಸೀಸವನ್ನು ಅಳೆದು 455 ಕೋಟಿ ವರ್ಷ ಎಂದರು. ಆಮೇಲೆ ಎಷ್ಟೋ ಪ್ರಯೋಗಶಾಲೆಗಳು ಅಳೆದವು, ಅಂಕಿ ಹೆಚ್ಚೇನೂ ಅಲುಗಲಿಲ್ಲ.

ಮೂಳೆ ಇಲ್ಲದಿದ್ದರೂ ಜೀವದ ಗುರುತು ನಮಗೆ ದೂರವೇನಿಲ್ಲ. ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ದೊಡ್ಡಗುಣಿ ಕಡೆಯ ಸುಣ್ಣದ ಕಲ್ಲಿನಲ್ಲಿ, ಚಿತ್ರದುರ್ಗದ ಕಡೆ, ಸಂಡೂರಿನಲ್ಲಿ ಸ್ಟ್ರೊಮಾಟೊಲೈಟ್ ಎಂಬ ರಚನೆಗಳಿವೆ. ಎಲೆಕೋಸನ್ನು ಅಡ್ಡ ಕತ್ತರಿಸಿದಂತೆ ಪದರದ ಮೇಲೆ ಪದರ ಇರುತ್ತದೆ. ಆಳವಿಲ್ಲದ ನೀರಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಜಾರುವ ಚಾಪೆಯಂತೆ ಹಬ್ಬಿ, ಅದರ ಮೇಲೆ ಕೆಸರು ಕೂತು, ಬೆಳಕಿಗಾಗಿ ಜೀವಿಗಳು ಮತ್ತೆ ಮೇಲಕ್ಕೆ ಹಬ್ಬಿ, ಹೀಗೆ ಕಟ್ಟಿದ ಮನೆ ಅದು. 250 ಕೋಟಿ ವರ್ಷಕ್ಕೂ ಹಿಂದಿನದು. ಅಂಥ ಜೀವಿಗಳು ಬಿಸಿಲಿನಿಂದ ಆಹಾರ ಮಾಡಿಕೊಂಡು ಆಮ್ಲಜನಕವನ್ನು ಹೊರಬಿಟ್ಟವು. ಆರಂಭದ ಗಾಳಿಯಲ್ಲಿ ಉಸಿರಾಡುವಷ್ಟು ಆಮ್ಲಜನಕ ಇರಲಿಲ್ಲ. ಅದು ಗಾಳಿಯಲ್ಲಿ ಶೇಖರವಾಗತೊಡಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅದಕ್ಕೂ ಮೊದಲಿನ ಸಮುದ್ರಗಳಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಕೂತು ಪಟ್ಟೆ ಪಟ್ಟೆಯ ಅದಿರಾಯಿತು. ಬಳ್ಳಾರಿ ಸಂಡೂರಿನ ಅದಿರು ಆ ಕಾಲದ್ದು. ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಇದೆ. ಲಾವಾ ನೀರಿನೊಳಗೆ ಉಕ್ಕಿದಾಗ ಮಾತ್ರ ಆ ಆಕಾರ ಬರುತ್ತದೆ. ಇಂದು ಬರಗಾಲಕ್ಕೆ ಹೆಸರಾದ ಆ ನೆಲ ಒಮ್ಮೆ ನೀರಿನಡಿ ಇತ್ತು.

ನಮ್ಮ ಅನೇಕ ಮಸೀದಿಗಳ ವುಝೂ ಜಾಗಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಅದು ಕಲಬುರಗಿ ಕಡೆಯಿಂದ ಬರುವ ಸುಣ್ಣದ ಕಲ್ಲು, ಹಳೆಯ ಸಮುದ್ರದ ತಳದಲ್ಲಿ ಕೂತ ಕೆಸರು. ಅದಕ್ಕೇ ಅಷ್ಟು ಚಪ್ಪಟೆಯಾಗಿ ಏಳುತ್ತದೆ. ಅದರಲ್ಲಿ ಚಿಪ್ಪು ಹುಡುಕಿದರೆ ಸಿಗುವುದಿಲ್ಲ, ಚಿಪ್ಪಿನ ಪ್ರಾಣಿಗಳು ಬರುವುದಕ್ಕೂ ಮುಂಚಿನ ಸಮುದ್ರ ಅದು. ದಿನಕ್ಕೆ ಐದು ಹೊತ್ತು ಅದರ ಮೇಲೆ ಕಾಲಿಟ್ಟು ನೀರು ಚೆಲ್ಲುತ್ತೇವೆ.

ಚಿಪ್ಪು, ಮೂಳೆ ಬೇಕೆನ್ನುವವರು ಬೇರೆ ಕಡೆ ಹೋಗಬೇಕು. ಕಲಬುರಗಿ ಕಡೆಯಲ್ಲೇ ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಕೆರೆಯ ಕೆಸರಿನಲ್ಲಿ ಸಿಹಿನೀರಿನ ಅತಿ ಸಣ್ಣ ಜೀವಿಗಳ ಚಿಪ್ಪುಗಳು ಸಿಕ್ಕಿವೆ. ತಮಿಳುನಾಡಿನ ಅರಿಯಲೂರಿನಲ್ಲಿ ಸಿಮೆಂಟ್‌ಗಾಗಿ ಸುಣ್ಣದ ಕಲ್ಲು ತೆಗೆಯುವ ಗಣಿಗಳಲ್ಲಿ ಡೈನೋಸಾರ್ ಕಾಲದ ಕಡಲ ಪ್ರಾಣಿಗಳ ಚಿಪ್ಪು ಧಾರಾಳವಾಗಿವೆ. 2023ರಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳಲ್ಲಿ 256 ಡೈನೋಸಾರ್ ಮೊಟ್ಟೆಗಳು ಸಿಕ್ಕ ವರದಿ ಬಂತು. 2024ರಲ್ಲಿ ರೂರ್ಕಿ ಐಐಟಿಯವರು ಗುಜರಾತಿನ ಕಛ್‌ನ ಪನಂಧ್ರೊ ಕಲ್ಲಿದ್ದಲು ಗಣಿಯಲ್ಲಿ ಸಿಕ್ಕ 27 ಬೆನ್ನುಮೂಳೆ ತುಂಡುಗಳಿಂದ ಸುಮಾರು 4.7 ಕೋಟಿ ವರ್ಷ ಹಳೆಯ ಹಾವೊಂದನ್ನು ಗುರುತಿಸಿದರು. ಉದ್ದ 11ರಿಂದ 15 ಮೀಟರ್ ಇರಬಹುದೆಂದು ಅಂದಾಜು. ಅಂದಾಜು ಎಂದು ಅವರೇ ಹೇಳಿದ್ದಾರೆ, ಅದನ್ನು ಗಮನಿಸಿ. ಸಿಕ್ಕಿದ್ದು 27 ತುಂಡು, ಹಾವು ಪೂರ್ತಿ ಅಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರುವ ದೈತ್ಯ ಮಾತ್ರ ತಲೆಯಿಂದ ಹೆಬ್ಬೆರಳಿನವರೆಗೆ ಪೂರ್ತಿ ಇರುತ್ತಾನೆ!

ವಿಜ್ಞಾನಿಗಳು ಎಡವುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2021ರ ಆರಂಭದಲ್ಲಿ ದೊಡ್ಡ ಸುದ್ದಿಯಾಗಿತ್ತು: ಮಧ್ಯಪ್ರದೇಶದ ಭೀಮಬೇಟ್ಕಾ ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ ಎಂಬ ಸುಮಾರು 55 ಕೋಟಿ ವರ್ಷ ಹಿಂದಿನ ಜೀವಿಯ ಅಚ್ಚು ಸಿಕ್ಕಿದೆ ಎಂದು. ಅಮೆರಿಕದ ಪ್ರೊಫೆಸರ್ ರೆಟಲ್ಯಾಕ್ ಮತ್ತು ಸಂಗಡಿಗರ ಆ ಬರಹ ಒಳ್ಳೆಯ ವಿಜ್ಞಾನ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಗುಹೆ ಪ್ರಸಿದ್ಧ, ನಮ್ಮ ಪತ್ರಿಕೆಗಳೂ ಹೆಮ್ಮೆಯಿಂದ ಬರೆದವು. 2022ರ ಕೊನೆಗೆ ಫ್ಲೋರಿಡಾದ ಜೋಸೆಫ್ ಮೀರ್ಟ್ ಅವರ ತಂಡ ಅಲ್ಲಿಗೆ ಹೋಗಿ ನೋಡಿದಾಗ ಆ ಪಳೆಯುಳಿಕೆ ಕಿತ್ತು ಉದುರುತ್ತಿತ್ತು. ಕಲ್ಲಿನೊಳಗಿನ ಅಚ್ಚು ಎರಡು ವರ್ಷದಲ್ಲಿ ಕಿತ್ತು ಬರುವುದಿಲ್ಲ. ಹತ್ತಿರದಲ್ಲೇ ಹೆಜ್ಜೇನು ಗೂಡುಗಳಿದ್ದವು. ಅದು ಬಿದ್ದುಹೋದ ಜೇನುಗೂಡಿನ ಕಲೆ! 2023ರಲ್ಲಿ ಅದೇ ಪತ್ರಿಕೆಯಲ್ಲಿ ಇದನ್ನು ಅಚ್ಚು ಹಾಕಿದರು. ರೆಟಲ್ಯಾಕ್ ಅವರು ವಾದಕ್ಕೆ ಇಳಿಯದೆ ತಮ್ಮ ತಪ್ಪನ್ನು ಒಪ್ಪಿಕೊಂಡರು.

ಇದನ್ನು ಹೇಳಿದಾಗ ಪಿಯುಸಿ ಹುಡುಗ, "ನೋಡಿ ಹಜ್ರತ್, ಅವರದ್ದೂ ಸುಳ್ಳೇ ಅಲ್ವಾ" ಎಂದ. ಅಲ್ಲಪ್ಪ. ಸುಳ್ಳಿಗೂ ತಪ್ಪಿಗೂ ವ್ಯತ್ಯಾಸ ಇದೆ. ಇಲ್ಲಿ ಹೇಳಿದವನು ಹೆಸರು ಹಾಕಿ ಹೇಳಿದ, ಎಲ್ಲಿ ನೋಡಿದೆ ಎಂದು ಜಾಗ ಬರೆದ, ಆದ್ದರಿಂದ ಇನ್ನೊಬ್ಬ ಅಲ್ಲಿಗೇ ಹೋಗಿ ಪರೀಕ್ಷಿಸಲು ಸಾಧ್ಯವಾಯಿತು. ನಮ್ಮ ಮುಹದ್ದಿಸ್‌ಗಳು ಹದೀಸ್ ಯಾರಿಂದ ಯಾರಿಗೆ ಬಂತು ಎಂದು ಇಸ್ನಾದ್ ಕೇಳುತ್ತಿದ್ದುದೂ ಇದಕ್ಕೇ, ಕೊಂಡಿ ಕಳಚಿದ್ದರೆ ಎಷ್ಟೇ ಚೆಂದದ ಮಾತಾದರೂ ಬದಿಗಿಡುತ್ತಿದ್ದರು. ದೈತ್ಯನ ಫೋಟೋಗೆ ಇಸ್ನಾದ್ ಎಲ್ಲಿದೆ? "ಫಾರ್ವರ್ಡೆಡ್ ಮೆನಿ ಟೈಮ್ಸ್" ಎಂಬುದು ಇಸ್ನಾದ್ ಅಲ್ಲ.

ಇಷ್ಟು ಕೋಟಿ ವರ್ಷ ಎಂದರೆ ಈಮಾನ್‌ಗೆ ಧಕ್ಕೆಯೇ ಎಂದು ಒಬ್ಬ ತಾಯಿ ಚೀಟಿ ಬರೆದು ಕಳಿಸಿದ್ದರು. ಭೂಮಿಗೆ ಇಷ್ಟೇ ಸಾವಿರ ವರ್ಷ ಎಂದು ಕುರ್‌ಆನ್ ಎಲ್ಲಿಯೂ ಲೆಕ್ಕ ಕೊಟ್ಟಿಲ್ಲ. ಸೃಷ್ಟಿಯ ಆರು ದಿನಗಳ ಮಾತು ಬರುತ್ತದೆ, ಆದರೆ ದಿನ ಎಂಬ ಪದವೇ ಒಂದು ಕಡೆ ಸಾವಿರ ವರ್ಷಕ್ಕೆ, ಇನ್ನೊಂದು ಕಡೆ ಐವತ್ತು ಸಾವಿರ ವರ್ಷಕ್ಕೆ ಸಮಾನವಾಗಿ ಬಳಕೆಯಾಗಿದೆ. ಸೂರಃ ಅಲ್ ಹಜ್ಜ್ ಮತ್ತು ಅಲ್ ಮಆರಿಜ್ ತೆರೆದು ನೋಡಬಹುದು. ಹಾಗೆಂದು 300 ಕೋಟಿಯನ್ನೂ ಅದರೊಳಗೆ ತುರುಕಿ, ನಮ್ಮ ಗ್ರಂಥದಲ್ಲಿ ಮೊದಲೇ ಇತ್ತು ಎಂದು ವಿಡಿಯೋ ಮಾಡುವವರ ದಾರಿ ನನಗೆ ಒಪ್ಪಿಗೆಯಿಲ್ಲ. ನಾಳೆ ಅಂಕಿ ಸ್ವಲ್ಪ ತಿದ್ದುಪಡಿಯಾದರೆ ಆಯತ್ ಅನ್ನೂ ತಿದ್ದುತ್ತೀರಾ? ಕಲ್ಲಿನ ವಯಸ್ಸನ್ನು ಕಲ್ಲಿನಿಂದಲೇ ಕೇಳಬೇಕು. ಮನುಷ್ಯನ ಹುಟ್ಟಿನ ಕುರಿತ ಚರ್ಚೆ ಬೇರೆಯದು, ಅದಕ್ಕೆ ಬೇರೆ ಲೇಖನವೇ ಬೇಕು.

ಹಿಂದಿನ ವಿದ್ವಾಂಸರು ಕಲ್ಲನ್ನು ಕೇಳಲು ಹಿಂಜರಿಯಲಿಲ್ಲ. ಸುಮಾರು 1030ರಲ್ಲಿ ಹಿಂದೂಸ್ತಾನದ ಬಗ್ಗೆ ಪುಸ್ತಕ ಬರೆದ ಅಲ್ ಬಿರೂನಿ, ಬೆಟ್ಟದ ಬಳಿ ನದಿಯ ಕಲ್ಲುಗಳು ದೊಡ್ಡವು, ದೂರ ಹೋದಂತೆ ಸಣ್ಣವು, ಕೊನೆಗೆ ಮರಳು ಎಂದು ಗಮನಿಸಿ, ಉತ್ತರದ ಬಯಲು ಒಮ್ಮೆ ಸಮುದ್ರವಾಗಿದ್ದು ನದಿಗಳ ಹೂಳಿನಿಂದ ತುಂಬಿದ್ದಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಅವರ ಸಮಕಾಲೀನ ಇಬ್ನ್ ಸೀನಾ ನೀರಿನ ಪ್ರಾಣಿಗಳು ಕಲ್ಲಾಗಿ ಸಿಗುವುದನ್ನೂ ಬೆಟ್ಟಗಳು ಬಹುದೀರ್ಘ ಕಾಲದಲ್ಲಿ ರೂಪುಗೊಂಡಿರುವುದನ್ನೂ ಬರೆದರು. ಅವರಿಗೆ ಯುರೇನಿಯಂ ಗೊತ್ತಿರಲಿಲ್ಲ, ವರ್ಷದ ಲೆಕ್ಕ ಹೇಳಲಿಲ್ಲ. ನೋಡಿದಷ್ಟನ್ನು ಹೇಳಿದರು.

ಕಲ್ಲಿನ ವಯಸ್ಸು ತಿಳಿದು ನಮಗೇನು ಲಾಭ ಎನ್ನುವವರಿಗೆ ಒಂದು ಮಾತು. ಬೋರ್‌ವೆಲ್‌ಗೆ ಲಕ್ಷಗಟ್ಟಲೆ ಸಾಲ ಮಾಡಿ ಮುಳುಗಿದ ಮನೆಗಳು ನಮ್ಮ ಜಮಾಅತ್‌ನಲ್ಲೇ ಇವೆ. ಪದರಗಲ್ಲು, ಮರಳುಗಲ್ಲು ಇರುವ ಕಡೆ ಕಣಗಳ ಸಂದಿನಲ್ಲಿ ನೀರು ನಿಲ್ಲುತ್ತದೆ. ನಾದಿ ಗಟ್ಟಿಯಾದ ನಮ್ಮ ನೈಸ್ ಶಿಲೆಯಲ್ಲಿ ಸಂದು ಎಂಬುದೇ ಇಲ್ಲ. ನೀರು ಇರುವುದು ಮೇಲಿನ ಗರಸಿನಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ. ಅದಕ್ಕೇ ಒಬ್ಬನ ಹೊಲದಲ್ಲಿ ಮೂರಿಂಚು ನೀರು ಬಂದರೆ ಐವತ್ತು ಅಡಿ ಆಚೆ ಬರೀ ಧೂಳು. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳೂ ಬಿಗಿಯಾಗುತ್ತವೆ, ಆದ್ದರಿಂದ ಇನ್ನೂ ಐನೂರು ಅಡಿ ಇಳಿಸಿದರೆ ಬಂದೇ ಬರುತ್ತದೆ ಎಂಬ ಏಜೆಂಟನ ಮಾತನ್ನು ಕೇಳುವ ಮುಂಚೆ ಯೋಚಿಸಿ. ಹಿಂದಿನವರು ಅರ್ಕಾವತಿಯ ಉದ್ದಕ್ಕೂ ಕಟ್ಟಿಸಿದ ಕೆರೆಗಳಿಂದ ಗರಸಿನಲ್ಲಿ ನೀರು ಇಳಿಯುತ್ತದೆ. ಕೆರೆಯಂಗಳಕ್ಕೆ ಮನೆಯ ಡೆಬ್ರಿ ಸುರಿಯುವವರಲ್ಲಿ ನಮ್ಮವರೂ ಇದ್ದಾರೆ, ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು.

ರಜೆಯಲ್ಲಿ ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದೊಯ್ದರೆ ಹೂವಿನ ಗಾಜಿನಮನೆ ನೋಡಿ ಹಿಂದಿರುಗಬೇಡಿ, ಬಂಡೆಯ ಬಳಿ ಸ್ಮಾರಕದ ಫಲಕ ಇದೆ, ಓದಿಸಿ. ಕ್ವಾರಿಗೆ ಮಾತ್ರ ಕರೆದೊಯ್ಯಬೇಡಿ, ಅಲ್ಲಿ ಸಿಡಿಮದ್ದಿನ ಅಪಾಯ. ಅಷ್ಟು ದೂರ ಹೋಗಲಾಗದವರು ಮನೆ ಕಟ್ಟುವಲ್ಲಿ ಸುರಿದ ಜಲ್ಲಿ ರಾಶಿಯಿಂದ ಮುಷ್ಟಿಗಾತ್ರದ ಒಂದು ಕಲ್ಲು ಕೇಳಿ ತನ್ನಿ. ಹೊಳೆಯುವ ಚಕ್ಕೆ ಕಾಗೆಬಂಗಾರ, ಗಾಜಿನಂತಿರುವುದು ಬೆಣಚು, ಬಿಳಿ ಅಥವಾ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್. ಒಣಗಿದ ಕಲ್ಲಿನಲ್ಲಿ ಪಟ್ಟೆಗಳು ಸರಿಯಾಗಿ ಕಾಣುವುದಿಲ್ಲ. ಧೂಳು ತೊಳೆದು, ಒದ್ದೆಯಿರುವಾಗಲೇ ಬೆಳಕಿಗೆ ಹಿಡಿದು ನೋಡಿ.